ಚಂದ್ರನಿಗೆ ಹೊರಡುವ ಮುನ್ನ ಡಾಕಿಂಗ್: ಆರ್ಬಿಟರ್ ಸಿಮ್ಯುಲೇಟರಿನಲ್ಲಿ ಕಲಿಯಬೇಕಾದ ಕ್ರಮ

ಕಂಪ್ಯೂಟರಿನಲ್ಲಿ ಬಾಹ್ಯಾಕಾಶ ನೌಕೆ ಹಾರಿಸುವ ಆರ್ಬಿಟರ್ ಹಾಕಿಕೊಂಡ ಹೊಸಬರು ಹಲವರು ಮೊದಲ ದಿನವೇ ಚಂದ್ರನತ್ತ ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಬಾಹ್ಯಾಕಾಶ ನಿಲ್ದಾಣಕ್ಕೆ ಡಾಕ್ ಮಾಡಲು, ಅಂದರೆ ನೌಕೆಯನ್ನು ಅದಕ್ಕೆ ಜೋಡಿಸಲು ಕಲಿಯಿರಿ. ಎರಡು ಕಡೆಯೂ ಕೆಲಸ ಒಂದೇ: ಗುರಿಯ ಕಕ್ಷೆಯ ಸಮತಲಕ್ಕೆ ಬರುವುದು, ಗುರಿ ಮುಂದೆ ಎಲ್ಲಿರುತ್ತದೋ ಅಲ್ಲಿಗೆ ಅದೇ ಹೊತ್ತಿಗೆ ಮುಟ್ಟುವುದು, ಮುಟ್ಟಿದ ಮೇಲೆ ಅದರ ವೇಗಕ್ಕೆ ನಮ್ಮ ವೇಗ ಹೊಂದಿಸುವುದು. ನಿಲ್ದಾಣದ ಬಳಿ ಲೆಕ್ಕ ತಪ್ಪಿದರೆ ಒಂದೂವರೆ ಗಂಟೆಯ ಇನ್ನೊಂದು ಸುತ್ತು ಕಾದರಾಯಿತು. ಚಂದ್ರನ ದಾರಿಯಲ್ಲಿ ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ಎರಡು ಮೂರು ದಿನ ಕಳೆದಿರುತ್ತದೆ.

ಆರ್ಬಿಟರನ್ನು ಬರೆದವರು ಮಾರ್ಟಿನ್ ಶ್ವೈಗರ್. 2000ದಲ್ಲಿ ಮೊದಲು ಬಂತು, ಆಗಿನಿಂದಲೂ ಉಚಿತ. 2021ರಲ್ಲಿ ಅದರ ಮೂಲ ಕೋಡನ್ನೂ ಮುಕ್ತಗೊಳಿಸಿದರು. ಕಲಿಯಲು ಅದರಲ್ಲಿರುವ ಡೆಲ್ಟಾ ಗ್ಲೈಡರ್ ನೌಕೆ ಸಾಕು. ಆದರೆ ಅದು ಕಾಲ್ಪನಿಕ ನೌಕೆ, ಇಂಧನ ತೀರ ಧಾರಾಳ. ಹಾಗಾಗಿ ಪ್ರತಿ ಬರ್ನಿಗೂ (ಎಂಜಿನ್ ಉರಿಸಿದಾಗಲೆಲ್ಲ) ಎಷ್ಟು ಡೆಲ್ಟಾ-ವಿ (ವೇಗದ ಬದಲಾವಣೆ) ಖರ್ಚಾಯಿತೆಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಕೆಟ್ಟ ಅಭ್ಯಾಸಗಳೆಲ್ಲ ಇಂಧನದ ಮರೆಯಲ್ಲಿ ಉಳಿದುಬಿಡುತ್ತವೆ.

ಗುರಿಯತ್ತ ಮೂಗು ತಿರುಗಿಸಿ ಎಂಜಿನ್ ಹಚ್ಚಿದರೆ ಗುರಿ ಹತ್ತಿರ ಬರುವುದಿಲ್ಲ. 1965ರ ಜೂನ್‌ನಲ್ಲಿ ಜೆಮಿನಿ 4 ನೌಕೆಯ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮದೇ ಟೈಟನ್ ರಾಕೆಟ್ಟಿನ ಎರಡನೇ ಹಂತದ ಹತ್ತಿರ ಹೋಗಲು ಹೀಗೇ ಮಾಡಿ, ಇಂಧನ ಕರಗಿದ್ದು ಕಂಡು ಕೈಬಿಡಬೇಕಾಯಿತು. ಮುಂದಕ್ಕೆ ನೂಕಿದರೆ ಕಕ್ಷೆ ದೊಡ್ಡದಾಗುತ್ತದೆ, ಸುತ್ತುವ ಅವಧಿ ಹೆಚ್ಚುತ್ತದೆ, ನಾವು ಹಿಂದೆ ಬೀಳುತ್ತೇವೆ. ನಿಲ್ದಾಣದ ಎತ್ತರದಲ್ಲಿ ವೇಗ ಸೆಕೆಂಡಿಗೆ ಸುಮಾರು 7.67 ಕಿ.ಮೀ., ಅವಧಿ 92 ನಿಮಿಷ. ಅಲ್ಲಿ ಬರೀ 1 ಮೀ/ಸೆ ಹೆಚ್ಚಿಸಿದರೆ ಅವಧಿ 2.2 ಸೆಕೆಂಡು ಬೆಳೆಯುತ್ತದೆ. ಒಂದು ಸುತ್ತು ಮುಗಿಯುವಾಗ ನಾವು ಸುಮಾರು 16.6 ಕಿ.ಮೀ. ಹಿಂದಿರುತ್ತೇವೆ. ಈ ಒಂದು ಅಂಕಿ ಬಾಯಿಗೆ ಬಂದರೆ ಅರ್ಧ ಡಾಕಿಂಗ್ ಕಲಿತಂತೆ.

ಮೊದಲ ಕೆಲಸ ಸಮತಲದ್ದು. ಅಲೈನ್ ಪ್ಲೇನ್ಸ್ ಎಂಎಫ್‌ಡಿ (ಹಾರಾಟದ ಅಂಕಿಗಳನ್ನು ತೋರಿಸುವ ಪರದೆ) ತೆರೆದು ನಿಲ್ದಾಣವನ್ನು ಗುರಿಯಾಗಿ ಕೊಡಿ. ನಮ್ಮ ಕಕ್ಷೆ ಗುರಿಯ ಸಮತಲವನ್ನು ದಾಟುವ ಎರಡು ಜಾಗಗಳೇ ಸಂಧಿಬಿಂದುಗಳು; ನಾರ್ಮಲ್, ಆ್ಯಂಟಿ-ನಾರ್ಮಲ್ ಎಂದರೆ ನಮ್ಮ ಕಕ್ಷೆಯ ಸಮತಲಕ್ಕೆ ಲಂಬವಾದ ಎರಡು ದಿಕ್ಕುಗಳು. ಏರುವ ಸಂಧಿಬಿಂದುವಿನಲ್ಲಿ ಆ್ಯಂಟಿ-ನಾರ್ಮಲ್ ದಿಕ್ಕಿಗೆ, ಇಳಿಯುವ ಸಂಧಿಬಿಂದುವಿನಲ್ಲಿ ನಾರ್ಮಲ್ ದಿಕ್ಕಿಗೆ ಬರ್ನ್ ಮಾಡಬೇಕು. ಒಂದು ಡಿಗ್ರಿ ತಿದ್ದಲು ಸುಮಾರು 134 ಮೀ/ಸೆ ಬೇಕು. ಬರ್ನ್ ಎಷ್ಟು ಸೆಕೆಂಡಿನದೋ ಅದರ ಅರ್ಧದಷ್ಟು ಮೊದಲೇ ಶುರುಮಾಡಿ, ಸಂಧಿಬಿಂದು ಬರ್ನಿನ ನಡುವೆ ಬರಲಿ. ಓರೆ 0.1 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಮುಂದಿನ ಹೆಜ್ಜೆಗೆ ಹೋಗಬೇಡಿ. ಉಳಿದ ಓರೆ ಕೊನೆಗೆ ಪಕ್ಕದ ವೇಗವಾಗಿ ಕಾಡುತ್ತದೆ.

ಆಮೇಲೆ ಸಮಯ. ಸಿಂಕ್ ಆರ್ಬಿಟ್ ಎಂಎಫ್‌ಡಿಯಲ್ಲಿ ಎರಡು ಸಾಲು ಅಂಕಿ ಕಾಣುತ್ತವೆ: ಆಯ್ದ ಬಿಂದುವಿಗೆ ನಾವು ಪ್ರತಿ ಸುತ್ತಿನಲ್ಲಿ ಯಾವಾಗ ಬರುತ್ತೇವೆ, ನಿಲ್ದಾಣ ಯಾವಾಗ ಬರುತ್ತದೆ. ಆ ಬಿಂದುವಿಗೆ ಬಂದಾಗ ಪ್ರೊಗ್ರೇಡ್ (ಸಾಗುವ ದಿಕ್ಕಿಗೆ) ಅಥವಾ ರೆಟ್ರೊಗ್ರೇಡ್ (ಅದಕ್ಕೆ ಎದುರು ದಿಕ್ಕಿಗೆ) ಬರ್ನ್ ಮಾಡುತ್ತ ಹೋದರೆ ಯಾವುದೋ ಒಂದು ಸುತ್ತಿನ ಎರಡು ಅಂಕಿಗಳು ಕೂಡಿಬರುತ್ತವೆ. ಒಂದೇ ಸುತ್ತಿನಲ್ಲಿ ಮುಗಿಸುವ ಆತುರ ಬೇಡ. ನಾಲ್ಕೈದು ಸುತ್ತು ಕಾಯಲು ಒಪ್ಪಿದರೆ ಖರ್ಚು ಅಷ್ಟೇ ಪಾಲು ಇಳಿಯುತ್ತದೆ, ಕಾಯುವುದಕ್ಕೆ ಸಮಯವನ್ನು ಬೇಗ ಓಡಿಸುವ ಟೈಮ್ ವಾರ್ಪ್ ಇದ್ದೇ ಇದೆ.

ಹತ್ತು ಕಿ.ಮೀ. ಒಳಗೆ ಬಂದಾಗ ಹಡ್ ಅನ್ನು (ಕಿಟಕಿಯ ನೋಟದ ಮೇಲೆ ಮೂಡುವ ಸೂಚಕಗಳನ್ನು) ಡಾಕಿಂಗ್ ಮೋಡಿಗೆ ಹಾಕಿ, ಸಾಪೇಕ್ಷ ವೇಗವನ್ನು ಸೊನ್ನೆ ಮಾಡಿ. ಸ್ಥಾನ ತಿದ್ದುವ ಯೋಚನೆ ಅದಾದ ಮೇಲೆ. ನಿಂತ ಮೇಲೆ ಗುರಿಯತ್ತ ಮೆಲ್ಲಗೆ ಸಾಗಿ: ಒಂದು ಕಿ.ಮೀ. ದೂರದಲ್ಲಿ 5 ಮೀ/ಸೆ, ನೂರು ಮೀಟರಿನಲ್ಲಿ 0.5, ಮುಟ್ಟುವಾಗ 0.1 ಸಾಕು. ನ್ಯಾವ್ (ದಾರಿ ತೋರುವ) ರೇಡಿಯೊವನ್ನು ಡಾಕಿಂಗ್ ಪೋರ್ಟಿನ (ನೌಕೆ ಜೋಡಿಸುವ ಬಾಗಿಲಿನ) ಐಡಿಎಸ್ ಸಂಕೇತದ ಆವರ್ತನಕ್ಕೆ ತಿರುಗಿಸದಿದ್ದರೆ ಎಂಎಫ್‌ಡಿಗೆ ಪೋರ್ಟಿನ ದಿಕ್ಕು ತಿಳಿಯದು. ಆವರ್ತನ ಕಂಟ್ರೋಲ್ ಮತ್ತು ಐ ಕೀಲಿ ಒತ್ತಿದರೆ ಬರುವ ಮಾಹಿತಿ ಕಿಟಕಿಯಲ್ಲಿದೆ. ಕೆ ಕೀಲಿ ಒತ್ತಿ ಗ್ಲೈಡರಿನ ಮೂಗು ತೆರೆಯುವುದನ್ನೂ ಮರೆಯಬೇಡಿ.

ಕೊನೆಯ ಹಂತದಲ್ಲಿ ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ: ಥ್ರಸ್ಟರುಗಳು (ಚಿಕ್ಕ ಎಂಜಿನುಗಳು) ತಿರುಗಿಸುವ ಮೋಡಿನಲ್ಲಿವೆಯೋ ಸರಿಸುವ ಮೋಡಿನಲ್ಲಿವೆಯೋ ನೋಡದೆ ಕೀಲಿ ಒತ್ತುವುದು. ನಮ್‌ಪ್ಯಾಡಿನ ಭಾಗಾಕಾರ ಕೀಲಿ ಇವೆರಡನ್ನು ಬದಲಿಸುತ್ತದೆ, 5 ತಿರುಗಾಟ ನಿಲ್ಲಿಸುತ್ತದೆ. ಮೊದಲು ನೌಕೆಯ ಮೂಗಿನ ದಿಕ್ಕನ್ನೂ ಅದು ಪಕ್ಕಕ್ಕೆ ಉರುಳಿರುವ ಓರೆಯನ್ನೂ ಪೋರ್ಟಿಗೆ ಸರಿಯಾಗಿ ಹೊಂದಿಸಿ, ತಿರುಗಾಟ ನಿಲ್ಲಿಸಿ. ಆಮೇಲೆ ಮೋಡ್ ಬದಲಿಸಿ ಎಡ-ಬಲ, ಮೇಲೆ-ಕೆಳಗೆ ಸರಿಸಿ. ಕ್ರಮ ತಿರುಗುಮುರುಗಾದರೆ ಸರಿಸಿದ್ದೆಲ್ಲ ವ್ಯರ್ಥ, ಏಕೆಂದರೆ ಮೂಗು ತಿರುಗಿದೊಡನೆ ನಮ್ಮ ಎಡ-ಬಲದ ದಿಕ್ಕುಗಳೇ ಬದಲಾಗುತ್ತವೆ. ಕಂಟ್ರೋಲ್ ಹಿಡಿದು ಕೀಲಿ ಒತ್ತಿದರೆ ಥ್ರಸ್ಟರ್ ಹತ್ತನೇ ಒಂದು ಬಲದಲ್ಲಿ ಉರಿಯುತ್ತದೆ. ಕೊನೆಯ ಐವತ್ತು ಮೀಟರಿಗೆ ಅದೇ ಸರಿ.

ಇಷ್ಟು ಕೈಗೆ ಹತ್ತಿದವರಿಗೆ ಚಂದ್ರನ ದಾರಿ ಪರಿಚಿತವೆನಿಸುತ್ತದೆ. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಸರಿಯುತ್ತಾನೆ, ಹಾಗಾಗಿ ಮೂರು ದಿನದ ಪಯಣಕ್ಕೆ 40 ಡಿಗ್ರಿ ಮುಂದಿನ ಜಾಗಕ್ಕೆ ಗುರಿ ಇಡಬೇಕು. ಟ್ರಾನ್ಸ್‌ಫರ್ ಎಂಎಫ್‌ಡಿಯಲ್ಲಿ ಕಾಲ್ಪನಿಕ ಕಕ್ಷೆಯನ್ನು ಹಿಗ್ಗಿಸುತ್ತ, ಹೊರಡುವ ರೇಖಾಂಶವನ್ನು ಸರಿಸುತ್ತ, ನಾವು ತಲುಪುವ ಗೆರೆಯೂ ಆ ಹೊತ್ತಿಗೆ ಚಂದ್ರನಿರುವ ಗೆರೆಯೂ ಒಂದಾಗುವಂತೆ ಮಾಡಿ. ಬರ್ನ್ ಸುಮಾರು 3.1 ಕಿ.ಮೀ/ಸೆ. ನೌಕೆಯ ವೇಗ ಸೆಕೆಂಡಿಗೆ 10 ಮೀ/ಸೆಯಂತೆ ಏರುವುದಾದರೆ 310 ಸೆಕೆಂಡು ಉರಿಯುತ್ತದೆ, ಆದ್ದರಿಂದ 155 ಸೆಕೆಂಡು ಮೊದಲೇ ಹಚ್ಚಬೇಕು. ಸಮತಲ ಹೊಂದದಿದ್ದರೂ ಹೋಗಬಹುದು, ಆದರೆ ಎರಡು ಸಮತಲಗಳು ಕೂಡುವ ಗೆರೆಯ ಮೇಲೆ ಚಂದ್ರ ಬರುವ ಹೊತ್ತಿಗೆ ತಲುಪುವಂತೆ ದಿನ ಆರಿಸಿಕೊಳ್ಳಬೇಕು. ಭೂಮಧ್ಯರೇಖೆಗೆ 51.6 ಡಿಗ್ರಿ ಓರೆಯಾದ ನಿಲ್ದಾಣದ ಕಕ್ಷೆಯಿಂದ ಹೊರಡುವವರಿಗೆ ಇದೇ ದಾರಿ.

ಈ ಬರ್ನಿನಲ್ಲಿ 1 ಮೀ/ಸೆ ಹೆಚ್ಚು ಕಡಿಮೆಯಾದರೆ ಕಕ್ಷೆಯ ಉಚ್ಚಬಿಂದು (ಭೂಮಿಯಿಂದ ಅತಿ ದೂರದ ಬಿಂದು) ಸುಮಾರು 4,000 ಕಿ.ಮೀ. ಅತ್ತಿತ್ತ ಆಗುತ್ತದೆ. ಚಂದ್ರನ ತ್ರಿಜ್ಯವೇ 1,737 ಕಿ.ಮೀ. ಅಂದಮೇಲೆ ದಾರಿಯಲ್ಲಿ ತಿದ್ದುವುದು ಅನಿವಾರ್ಯ, ತಿದ್ದುವುದಾದರೆ ಬೇಗ ತಿದ್ದಬೇಕು. ಎರಡೂವರೆ ದಿನ ಬಾಕಿ ಇರುವಾಗ ಕೊಟ್ಟ 1 ಮೀ/ಸೆ ಸುಮಾರು 216 ಕಿ.ಮೀ. ಸರಿಸುತ್ತದೆ, ಹನ್ನೆರಡು ಗಂಟೆ ಉಳಿದಾಗ ಅದೇ ತಳ್ಳು 43 ಕಿ.ಮೀ. ಮಾತ್ರ.

ಚಂದ್ರನಿಂದ 66,000 ಕಿ.ಮೀ. ಒಳಗೆ ಬಂದಾಗ ಆರ್ಬಿಟ್ ಎಂಎಫ್‌ಡಿಯ ಆಧಾರವನ್ನು ಭೂಮಿಯಿಂದ ಚಂದ್ರನಿಗೆ ಬದಲಿಸಿ. ಇದನ್ನು ಬಿಟ್ಟರೆ ಅದರಲ್ಲಿ ಕಾಣುವ ಅಂಕಿಗಳು ಭೂಮಿಯ ಲೆಕ್ಕದವೇ ಆಗಿರುತ್ತವೆ. ಚಂದ್ರ ಸಾಗುವ ದಿಕ್ಕಿನಲ್ಲಿ ಅವನ ಮುಂದಿನಿಂದ ಹಾದರೆ ಅವನ ಗುರುತ್ವ ನಮ್ಮ ಶಕ್ತಿಯನ್ನು ಕಡಿಮೆ ಮಾಡುತ್ತದೆ, ಹಿಂದಿನಿಂದ ಹಾದರೆ ದೂರಕ್ಕೆ ಎಸೆಯುತ್ತದೆ. 100 ಕಿ.ಮೀ. ಎತ್ತರದ ನೀಚಬಿಂದುವಿನಲ್ಲಿ (ಚಂದ್ರನಿಗೆ ಅತಿ ಹತ್ತಿರದ ಬಿಂದುವಿನಲ್ಲಿ) ವೇಗ ಸುಮಾರು 2.46 ಕಿ.ಮೀ/ಸೆ, ಅಲ್ಲಿ ವೃತ್ತಾಕಾರದ ಕಕ್ಷೆಗೆ ಬೇಕಾದ್ದು 1.63. ಅಂತರ ಕಳೆಯಲು 0.83 ಕಿ.ಮೀ/ಸೆ ರೆಟ್ರೊಗ್ರೇಡ್ ಬರ್ನ್. ಉತ್ಕೇಂದ್ರತೆ (ಕಕ್ಷೆ ವೃತ್ತದಿಂದ ಎಷ್ಟು ಹಿಗ್ಗಿದೆ ಎಂಬ ಅಂಕಿ) 1ಕ್ಕಿಂತ ಕೆಳಗಿಳಿದರೆ ಚಂದ್ರ ನಮ್ಮನ್ನು ಹಿಡಿದಿದ್ದಾನೆ ಎಂದರ್ಥ. ಸೊನ್ನೆಯ ಹತ್ತಿರ ನಿಲ್ಲಿಸಿ. ಬರ್ನ್ ನಡೆಯುವಾಗ ಟೈಮ್ ವಾರ್ಪ್ ಮುಟ್ಟಬಾರದು.

ಚಂದ್ರನ ಕಕ್ಷೆಯಲ್ಲಿ ಇನ್ನೊಂದು ನೌಕೆಗೆ ಡಾಕ್ ಮಾಡುವಾಗ ಅಂಕಿಗಳು ಬದಲಾಗುತ್ತವೆ. ಅವಧಿ 118 ನಿಮಿಷ, 1 ಮೀ/ಸೆಗೆ ಒಂದು ಸುತ್ತಿನಲ್ಲಿ 21 ಕಿ.ಮೀ. ವ್ಯತ್ಯಾಸ. ವೇಗ ಕಡಿಮೆ ಇರುವುದರಿಂದ ಸಮತಲ ಒಂದು ಡಿಗ್ರಿ ತಿದ್ದಲು 29 ಮೀ/ಸೆಯೂ ಬೇಡ. ಮನೆಗೆ ಮರಳಲು ಹೆಚ್ಚುಕಡಿಮೆ 0.85 ಕಿ.ಮೀ/ಸೆ ಪ್ರೊಗ್ರೇಡ್ ಬರ್ನ್ ಬೇಕು, ಅದನ್ನು ಚಂದ್ರನ ಆಚೆ ಬದಿಯಲ್ಲಿ ಮಾಡಬೇಕು. ಅಷ್ಟು ಇಂಧನವನ್ನು ಹೊರಡುವಾಗಲೇ ಲೆಕ್ಕದಿಂದ ಬದಿಗಿಟ್ಟು, ಉಳಿದದ್ದನ್ನು ಮಾತ್ರ ಡಾಕಿಂಗಿಗೆ ಬಳಸಿ.