ಹರಾಜಿನ ಮಾಲಿಗೆ ಬೆಲೆ ಕಟ್ಟುವುದು ಹೇಗೆ?

ಆನ್‌ಲೈನ್ ಹರಾಜಿನಲ್ಲಿ ಹಳೆಯ ನಾಣ್ಯವೋ ಅಂಚೆಚೀಟಿಯೋ ಕಣ್ಣಿಗೆ ಬಿದ್ದರೆ ಹೆಚ್ಚಿನವರು ಅದೇ ಹೆಸರು ಹಾಕಿ ಹುಡುಕುತ್ತಾರೆ. ಬೇರೆ ಮಾರಾಟಗಾರರು ಎಷ್ಟು ಹೇಳುತ್ತಿದ್ದಾರೆ ನೋಡಿ, ಇದು ಅಗ್ಗ, ಅದು ದುಬಾರಿ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಹಾಗೆ ಕಾಣುವುದೆಲ್ಲ ಇನ್ನೂ ಮಾರಾಟವಾಗದ ಮಾಲು. ಹೇಳಿದ ಬೆಲೆಗೆ ಯಾರೂ ಕೊಳ್ಳದೆ ಇರುವುದರಿಂದಲೇ ಎಷ್ಟೋ ವಸ್ತುಗಳು ಅಲ್ಲಿ ತಿಂಗಳುಗಟ್ಟಲೆ ಕೂತಿರುತ್ತವೆ.

ನೋಡಬೇಕಾದ್ದು ಮಾರಾಟ ಮುಗಿದ ಪಟ್ಟಿಯನ್ನು. ಈಬೇಯಲ್ಲಿ 'ಸೋಲ್ಡ್ ಐಟಮ್ಸ್' ಫಿಲ್ಟರ್ ಇದೆ. ದೊಡ್ಡ ಹರಾಜು ಸಂಸ್ಥೆಗಳು ಹಳೆಯ ಫಲಿತಾಂಶಗಳನ್ನು ತಮ್ಮ ತಾಣದಲ್ಲೇ ಇಟ್ಟಿರುತ್ತವೆ. ಇಲ್ಲೂ ಮೋಸಹೋಗುವ ಜಾಗಗಳಿವೆ. ಈಬೇಯಲ್ಲಿ ಚೌಕಾಸಿ ಮಾಡಿ ಕೊಂಡ ವಸ್ತುವಿಗೆ ಮೂಲ ಬೆಲೆಯ ಮೇಲೆ ಗೆರೆ ಎಳೆದು ತೋರಿಸುತ್ತಾರೆ; ನಿಜಕ್ಕೂ ಕೈಬದಲಾದ ಹಣ ಅದಕ್ಕಿಂತ ಕಡಿಮೆ. ರಿಸರ್ವ್ ಬೆಲೆ, ಅಂದರೆ ಮಾರುವವನು ಮೊದಲೇ ಇಟ್ಟ ಕನಿಷ್ಠ ಬೆಲೆ, ಮುಟ್ಟದೆ ನಿಂತ ಹರಾಜಿನ ಕೊನೆಯ ಬಿಡ್ ಮಾರಾಟವೇ ಅಲ್ಲ. ಅದೇ ಫೋಟೋ, ಅದೇ ಗೀರು ಇರುವ ವಸ್ತು ಎರಡು ವಾರದಲ್ಲಿ ಮತ್ತೆ ಹರಾಜಿಗೆ ಬಂದಿದ್ದರೆ ಮೊದಲು ಗೆದ್ದವನು ದುಡ್ಡು ಕಟ್ಟಲಿಲ್ಲ, ಇಲ್ಲವೇ ಮಾರುವವನ ಕಡೆಯವರೇ ಬೆಲೆ ಏರಿಸಿ ಸಿಕ್ಕಿಬಿದ್ದರು ಎಂದಿಟ್ಟುಕೊಳ್ಳಬಹುದು. ಆ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಇನ್ನು ಹರಾಜಿನ ಬೆಲೆ ಹುಟ್ಟುವ ಬಗೆ. ಗರಿಷ್ಠ ಮೊತ್ತವನ್ನು ಮೊದಲೇ ಕೊಟ್ಟು, ನಮ್ಮ ಪರವಾಗಿ ಯಂತ್ರವೇ ಬಿಡ್ ಮಾಡುವ ವ್ಯವಸ್ಥೆಯಲ್ಲಿ ನೀವು 5000 ಹಾಕಿ, ಇನ್ನೊಬ್ಬ 3200 ಹಾಕಿ, ಒಂದು ಮೆಟ್ಟಿಲು 100 ಆಗಿದ್ದರೆ ಬೆಲೆ ನಿಲ್ಲುವುದು 3300ಕ್ಕೆ. ಅಂದರೆ ಬೆಲೆ ಕಟ್ಟಿದವನು ಸೋತವನು. ಇಬ್ಬರು ಹಟಕ್ಕೆ ಬಿದ್ದರೆ 3000ದ ಮಾಲು 9000ಕ್ಕೆ ಹೋಗುತ್ತದೆ, ಆಮೇಲೆ ವರ್ಷವೆಲ್ಲ ಅದೇ ಅಂಕಿಯನ್ನು ತೋರಿಸಿ ಉಳಿದವರು ಮಾರಲು ನೋಡುತ್ತಾರೆ. ಬಿಡ್ ಇತಿಹಾಸ ತೆರೆದು ನೋಡಿ: ಮೂರನೆಯವನು ಎಲ್ಲಿ ಕೈಬಿಟ್ಟ? ನನ್ನ ಮಟ್ಟಿಗೆ ಆ ಅಂಕಿಯೇ ಹೆಚ್ಚು ನಂಬಿಕಸ್ಥ. ಕಳೆದ ಒಂದು ವರ್ಷದ ಆರೇಳು ಮಾರಾಟಗಳನ್ನು ಬರೆದುಕೊಂಡು, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು, ಉಳಿದವುಗಳ ನಡುವಿನ ಬೆಲೆ ಹಿಡಿಯಿರಿ. ಹಳೆಯ ದಾಖಲೆ ಬೆಲೆ ಏರುತ್ತಲೇ ಹೋಗುತ್ತದೆಂಬ ಭರವಸೆ ಬೇಡ. ಜಗತ್ತಿನಲ್ಲಿ ಒಂದೇ ಒಂದು ಉಳಿದಿರುವುದೆಂದು ಹೆಸರಾದ 1856ರ ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಮಜೆಂಟಾ ಅಂಚೆಚೀಟಿ 2014ರಲ್ಲಿ ಸುಮಾರು 95 ಲಕ್ಷ ಡಾಲರಿಗೆ ಹೋಯಿತು. 2021ರಲ್ಲಿ ಸುಮಾರು 83 ಲಕ್ಷಕ್ಕೆ ಇಳಿಯಿತು.

ವಸ್ತು ಯಾವುದೆಂದು ಸರಿಯಾಗಿ ಗುರುತಿಸದೆ ಈ ಹೋಲಿಕೆಯಿಂದ ಪ್ರಯೋಜನವಿಲ್ಲ. ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ಚಿತ್ರವಿರುವ, ಅವಳ ಹೆಸರಿನ ಥೇಲರ್ ಎಂಬ ಬೆಳ್ಳಿ ನಾಣ್ಯವನ್ನೇ ನೋಡಿ. ಅದರ ಮೇಲೆ 1780 ಎಂದಿರುತ್ತದೆ, ಹಾಗಾಗಿ ಎರಡೂವರೆ ಶತಮಾನದಷ್ಟು ಹಳೆಯದು ಎಂದು ವಿವರಣೆ ಬರೆದಿರುತ್ತಾರೆ. ರಾಣಿ ಸತ್ತದ್ದು 1780ರಲ್ಲಿ. ವ್ಯಾಪಾರಿಗಳು ಆ ನಾಣ್ಯವನ್ನೇ ಕೇಳುತ್ತಿದ್ದುದರಿಂದ ಅದೇ ಇಸವಿ ಹಾಕಿ ಆಮೇಲೂ ಹೊಡೆಯುತ್ತಲೇ ಹೋದರು. 20ನೆಯ ಶತಮಾನದಲ್ಲಿ ವಿಯೆನ್ನಾ ಮಾತ್ರವಲ್ಲ, ರೋಮ್, ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಬರ್ಮಿಂಗ್‌ಹ್ಯಾಮ್, ಬಾಂಬೆ ಟಂಕಸಾಲೆಗಳಲ್ಲೂ ಹೊಡೆದಿದ್ದಾರೆ. ಮಾರುಕಟ್ಟೆಗೆ ಬರುವ ಬಹುಪಾಲು ಇಂಥ ಮರುಟಂಕನೆಗಳೇ. ಅವುಗಳ ಬೆಲೆ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲಿರುತ್ತದೆ, ಅಷ್ಟೆ. ಯಾವ ಕಾಲದ್ದು, ಯಾವ ಟಂಕಸಾಲೆಯದು ಎಂದು ತಿಳಿಯಲು ರಾಣಿಯ ಬ್ರೂಚಿನ ಮುತ್ತುಗಳನ್ನೂ ಹಿಂಬದಿಯ ಹದ್ದಿನ ಬಾಲದ ಗರಿಗಳನ್ನೂ ಕ್ಯಾಟಲಾಗಿನ ಚಿತ್ರದ ಜೊತೆ ಇಟ್ಟು ನೋಡಬೇಕು. ಆ ಎರಡು ಜಾಗಗಳು ಸ್ಪಷ್ಟವಾಗಿ ಕಾಣದ ಫೋಟೋ ಇದ್ದರೆ ಮರುಟಂಕನೆಯ ಬೆಲೆಯನ್ನೇ ಕಟ್ಟಿ.

ಫೋಟೋದಲ್ಲಿ ತೋರಿಸದೆ ಬಿಟ್ಟದ್ದರ ಮೇಲೆ ಕಣ್ಣಿರಲಿ. ನಾಣ್ಯವನ್ನು ಸ್ಕ್ಯಾನರಿನ ಮೇಲಿಟ್ಟು ತೆಗೆದ ಚಿತ್ರದಲ್ಲಿ ಉಜ್ಜಿ ತೊಳೆದ ಗೀರುಗಳು ಕಾಣುವುದಿಲ್ಲ. ಒಂದೇ ದೀಪದ ಕೆಳಗೆ ನಾಣ್ಯವನ್ನು ಓರೆ ಮಾಡುತ್ತಾ ಹತ್ತು ಸೆಕೆಂಡಿನ ವಿಡಿಯೋ ಕೇಳಿ. ಬಳಕೆಯಾಗದ ಬೆಳ್ಳಿ ನಾಣ್ಯದ ಹೊಳಪು ಚಕ್ರದ ಅರಗಳಂತೆ ಸುತ್ತುತ್ತದೆ. ಉಜ್ಜಿದ್ದರೆ ಅಂಥ ಸುತ್ತು ಕಾಣುವುದಿಲ್ಲ. ಬಟ್ಟೆ ಎಳೆದ ದಿಕ್ಕಿನಲ್ಲಿ ಸೂಕ್ಷ್ಮ ಗೆರೆಗಳು ಸಾಲಾಗಿ ಕಾಣುತ್ತವೆ. ನಾಣ್ಯದ ಅಂಚಿನ ಚಿತ್ರವನ್ನೂ ಕೇಳಿ; ಎರಕ ಹೊಯ್ದ ನಕಲಿಗೆ ಅಲ್ಲಿ ಜೋಡಣೆಯ ಗೆರೆ ಉಳಿದಿರುತ್ತದೆ. ಅಂಚೆಚೀಟಿಯಾದರೆ ಹಿಂಬದಿ ತೋರಿಸದವರಿಂದ ಕೊಳ್ಳಲೇಬೇಡಿ. ಹೊಸದಾಗಿ ಅಂಟು ಬಳಿದ ಚೀಟಿಯಲ್ಲಿ ಅಂಟು ತೂತುಗಳ ಹಲ್ಲಿನ ತುದಿಗೂ ಹರಿದಿರುತ್ತದೆ. ತೂತಿಲ್ಲದ ಅಪರೂಪದ ಚೀಟಿ ಎಂದು ಮಾರುವುದರಲ್ಲಿ ಸಾಮಾನ್ಯ ಚೀಟಿಯ ಹಲ್ಲು ಕತ್ತರಿಸಿದವೂ ಇರುತ್ತವೆ, ಹಾಗಾಗಿ ನಾಲ್ಕೂ ಕಡೆ ಅಗಲವಾದ ಅಂಚು ಇರಲೇಬೇಕು, ಸಾಧ್ಯವಾದರೆ ಜೋಡಿ ಚೀಟಿಯೇ ಇರಲಿ.

ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಆಗಿ, ಗ್ರೇಡ್ ಬರೆದು ಬರುವ ನಾಣ್ಯಗಳದ್ದು ಬೇರೆ ಲೆಕ್ಕ. 1949ರಲ್ಲಿ ವಿಲಿಯಂ ಶೆಲ್ಡನ್ ಕೊಟ್ಟ 1ರಿಂದ 70ರ ಅಳತೆಯೇ ಇವತ್ತಿಗೂ ಚಾಲ್ತಿಯಲ್ಲಿದೆ. 60ರಿಂದ ಮೇಲಿನವು ಬಳಕೆಯಾಗದ ನಾಣ್ಯಗಳು. 64 ಮತ್ತು 65ರ ನಡುವೆ ಬರಿಗಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣದಿದ್ದರೂ ಬೆಲೆ ಕೆಲವೊಮ್ಮೆ ಎರಡು ಪಟ್ಟಾಗುತ್ತದೆ. ಹಾಗಾಗಿ 65ರ ಬೆಲೆಯನ್ನು ಪೆಟ್ಟಿಗೆಯಿಲ್ಲದ ನಾಣ್ಯಕ್ಕೆ ಹೊಂದಿಸುವುದು ಶುದ್ಧ ತಪ್ಪು, ಮಾರುವವನು 'ಜೆಮ್' (65ರ ಮಟ್ಟದ್ದು) ಎಂದು ಎಷ್ಟು ಸಲ ಬರೆದರೂ ಅಷ್ಟೇ. ನಕಲಿ ಪೆಟ್ಟಿಗೆಗಳೂ ಇವೆ. ಅವು ನಿಜವಾದ ನಾಣ್ಯದ ಪ್ರಮಾಣಪತ್ರ ಸಂಖ್ಯೆಯನ್ನೇ ಹಾಕಿಕೊಂಡಿರುತ್ತವೆ, ಆದ್ದರಿಂದ ಗ್ರೇಡ್ ಕೊಡುವ ಸಂಸ್ಥೆಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿ ತಾಣದಲ್ಲಿ ಸಂಖ್ಯೆ ಸಿಕ್ಕಿತೆಂದು ಸಮಾಧಾನಪಟ್ಟುಕೊಳ್ಳಬೇಡಿ. ಅಲ್ಲಿ ಚಿತ್ರವಿದ್ದರೆ ಬಣ್ಣದ ಕಲೆ, ಗೀರು ಒಂದೊಂದನ್ನೂ ತಾಳೆ ನೋಡಿ.

ಈಗ ದುಡ್ಡಿನ ಲೆಕ್ಕ. ಹರಾಜು ನಿಂತದ್ದು 100ಕ್ಕೆ ಎಂದುಕೊಳ್ಳಿ. ಕೊಳ್ಳುವವನ ಮೇಲೆ ಹಾಕುವ ಪ್ರೀಮಿಯಂ ಶೇ. 20, ಸಾಗಣೆ 8: ನಿಮಗೆ ಬಿದ್ದದ್ದು 128, ತೆರಿಗೆ ಬೇರೆ. ಮಾರುವಾಗ ಕಮಿಷನ್ ಶೇ. 15 ಹೋಗುವುದಾದರೆ, ಹಾಕಿದ ಹಣ ವಾಪಸ್ ಬರಬೇಕೆಂದರೆ ಅದೇ ವಸ್ತು ಸುಮಾರು 151ಕ್ಕೆ ಹೋಗಬೇಕು. ಹೂಡಿಕೆ ಎಂದು ಕೊಳ್ಳುವವರು ಈ ಗುಣಾಕಾರವನ್ನು ಮಾಡಿರುವುದೇ ಇಲ್ಲ! ಬಿಡ್ ಹಾಕುವ ಮುನ್ನ ಇದನ್ನೇ ಹಿಂದುಮುಂದಾಗಿ ಮಾಡಿ. ವಸ್ತು ಕೈಗೆ ಬರುವ ಹೊತ್ತಿಗೆ ಒಟ್ಟು 120 ಮೀರಬಾರದು ಎಂದಿದ್ದರೆ, ಸಾಗಣೆಯ 8 ಕಳೆದು ಉಳಿದ 112ನ್ನು 1.2ರಿಂದ ಭಾಗಿಸಿ; ನಿಮ್ಮ ಮಿತಿ 93. ಹಳೆಯ ಫಲಿತಾಂಶಗಳನ್ನು ಹೋಲಿಸುವಾಗಲೂ ಪ್ರೀಮಿಯಂ ಸೇರಿದ ಬೆಲೆಯೋ ಸೇರದ್ದೋ ಎಂದು ಮೊದಲೇ ನೋಡಿಕೊಳ್ಳಿ. ಮಿತಿ ಬರೆದಿಟ್ಟು ಕೊನೆಯ ಕೆಲವು ಸೆಕೆಂಡುಗಳಲ್ಲಿ ಒಂದೇ ಸಲ ಹಾಕಿದರೆ ಮಾತಿಗೆ ಮಾತು ಬೆಳೆದಂತೆ ಬಿಡ್ ಬೆಳೆಯುವುದಿಲ್ಲ.

ವಸ್ತು ಬಂದ ದಿನವೇ ತೂಕ ನೋಡಿ, ವಾಪಸು ಮಾಡುವ ಗಡುವು ಮುಗಿಯುವವರೆಗೆ ಕಾಯಬೇಡಿ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ತೆಳು ದಾರದಲ್ಲಿ ತಳ ಮುಟ್ಟದಂತೆ ಮುಳುಗಿಸಿ. ಒಣ ತೂಕವನ್ನು ಆಗ ತೋರುವ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಬರುತ್ತದೆ. 28.07 ಗ್ರಾಮಿನ ಥೇಲರ್‌ಗೆ ನೀರಿನಲ್ಲಿ ಸುಮಾರು 2.75 ಬರಬೇಕು, ಅಂದರೆ 10.2. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಉತ್ತರ ಕಡಿಮೆ ಬರುತ್ತದೆ, ಅಲುಗಿಸಿ ಮತ್ತೊಮ್ಮೆ ನೋಡಿ. ಆಗಲೂ 9ರ ಕೆಳಗೇ ನಿಂತರೆ ಅದು ಬೆಳ್ಳಿಯ ಥೇಲರ್ ಅಲ್ಲ. ತಕ್ಕಡಿಯ ಮೇಲಿರುವಾಗಲೇ ಫೋಟೋ ತೆಗೆದು ಮಾರಿದವನಿಗೆ ಕಳುಹಿಸಿ.