ಲಾಲ್‌ಬಾಗ್ ಗೇಟಿನ ಒಳಗೆ ನಡಿಗೆ, ಹೊರಗೆ ತಿಂಡಿ

ನಮ್ಮ ಚಿಕ್ಕಪ್ಪ ಬಸವನಗುಡಿಯವರು. ದಿನಾ ಬೆಳಿಗ್ಗೆ ಲಾಲ್‌ಬಾಗಿಗೆ ವಾಕಿಂಗ್ ಹೋಗುತ್ತಾರೆ. ಅಂದರೆ ಅವರು ಹಾಗೆ ಹೇಳುತ್ತಾರೆ. "ವಾಕಿಂಗೂ ಇಲ್ಲ, ಮಣ್ಣೂ ಇಲ್ಲ. ದೋಸೆಗೆ ಹೋಗ್ತಾರೆ, ದಾರೀಲಿ ಲಾಲ್‌ಬಾಗ್ ಸಿಗುತ್ತೆ ಅಷ್ಟೇ" ಎನ್ನುವುದು ಚಿಕ್ಕಮ್ಮನ ತಕರಾರು. ಜನವರಿಯಲ್ಲಿ ದಾವಣಗೆರೆಯಿಂದ ಅವರ ಮನೆಗೆ ಹೋದಾಗ, ಇಬ್ಬರಲ್ಲಿ ಯಾರು ಸರಿ ಅಂತ ನೋಡೇಬಿಡೋಣ ಎಂದು ನಾನೂ ಜೊತೆಗೆ ಹೊರಟೆ.

ಪಶ್ಚಿಮ ಗೇಟಿನಿಂದ ಒಳಗೆ ಹೋದೆವು. ಮೆಟ್ರೋದಲ್ಲಿ ಬರುವವರಿಗೂ ಇದೇ ಹತ್ತಿರ, ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಆಯಿತು. ಚಳಿ ಚೆನ್ನಾಗಿತ್ತು. ಕೆರೆ ಮೇಲೆ ಮಂಜು, ದಂಡೆಯಲ್ಲಿ ಮಂಕಿ ಟೋಪಿ ಹಾಕಿಕೊಂಡ ಹಿರಿಯರು. 1760ರಲ್ಲಿ ಹೈದರ್ ಅಲಿ ಶುರು ಮಾಡಿಸಿದ ತೋಟ ಈಗ 240 ಎಕರೆ ಇದೆ. ಒಂದು ಸುತ್ತು ಹಾಕಿದರೆ ಎಂಥವರಿಗೂ ಹಸಿವಾಗುತ್ತದೆ. ಗಾಜಿನ ಮನೆ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ. ಬಂಡೆ ಹತ್ತಿ ಕೆಂಪೇಗೌಡರ ಗೋಪುರದ ಹತ್ತಿರ ನಿಂತಾಗ ಚಿಕ್ಕಪ್ಪ, "ಈ ಬಂಡೆಗೆ ಮುನ್ನೂರು ಕೋಟಿ ವರ್ಷ ವಯಸ್ಸು ಕಣಮ್ಮಾ" ಎಂದರು. ಆ ಮಾತಿಗೆ ನಾನು ಬೆರಗಾಗುವಷ್ಟರಲ್ಲೇ, "ನಡಿ, ಲೇಟಾದ್ರೆ ಎಂಟಿಆರ್‌ನಲ್ಲಿ ಕ್ಯೂ ಜಾಸ್ತಿ ಆಗುತ್ತೆ" ಎಂದು ಇಳಿಯತೊಡಗಿದರು. ಚಿಕ್ಕಮ್ಮನ ಕಡೆಗೆ ಒಂದು ಅಂಕ.

ಮುಖ್ಯ ಗೇಟಿನಿಂದ ಹೊರಬಿದ್ದು ಲಾಲ್‌ಬಾಗ್ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಮಾವಳ್ಳಿ ಟಿಫಿನ್ ರೂಮ್ಸ್. ಕರಾವಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ ಹೋಟೆಲ್. ಈಗಿನ ಜಾಗಕ್ಕೆ ಬಂದದ್ದು 1960ರಲ್ಲಿ. ಹೆಸರು ಬರೆಸಿ ಕಾಯಬೇಕು. ಕಾಯುವಾಗ ಗೋಡೆಯ ಹಳೇ ಫೋಟೋ ನೋಡುತ್ತಾ, ಪಕ್ಕದವರ ಜೊತೆ ಮಾತಾಡುತ್ತಾ ಇರಬಹುದು. ಸೀಟು ಸಿಕ್ಕಿತು ಅಂದರೆ ಗೊತ್ತಿಲ್ಲದವರ ಎದುರೇ ಕೂರಬೇಕಾಗಬಹುದು, ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು.

ಮೊದಲು ರವೆ ಇಡ್ಲಿ. ಇದು ಹುಟ್ಟಿದ್ದೇ ಇಲ್ಲಿ. ಎರಡನೇ ಮಹಾಯುದ್ಧದಲ್ಲಿ ಬರ್ಮಾದಿಂದ ಅಕ್ಕಿ ಬರುವುದು ನಿಂತು ಇಡ್ಲಿಗೆ ಕುತ್ತು ಬಂದಾಗ, ರವೆಯಲ್ಲೇ ಮಾಡಿ ನೋಡಿದರಂತೆ. ಬರಗಾಲದ ತಿಂಡಿ ಅಂತ ಯಾರೂ ಹೇಳುವ ಹಾಗಿಲ್ಲ. ಮೇಲೆ ಗೋಡಂಬಿ, ಪಕ್ಕದಲ್ಲಿ ಆಲೂಗಡ್ಡೆ ಸಾಗು, ಮೇಲಿಂದ ತುಪ್ಪ.

ಆಮೇಲೆ ಮಸಾಲೆ ದೋಸೆ. ದಾವಣಗೆರೆಯವಳಾಗಿ ನಾನು ಇದನ್ನು ಸ್ವಲ್ಪ ಅನುಮಾನದಿಂದಲೇ ಮುಟ್ಟಿದೆ. ನಮ್ಮ ಬೆಣ್ಣೆ ದೋಸೆ ಬಾಯಲ್ಲಿ ಕರಗುತ್ತದೆ. ಇದು ಹಾಗಲ್ಲ, ದಪ್ಪಗಿದೆ, ಹೊರಗೆ ಇಟ್ಟಿಗೆ ಬಣ್ಣಕ್ಕೆ ಸುಟ್ಟಿರುತ್ತದೆ, ಮುರಿದರೆ ಕರುಂ ಎನ್ನುತ್ತದೆ. ಒಳಗೆ ಮಾತ್ರ ಮೆತ್ತಗೆ. ಜೊತೆಗೆ ಪುಟ್ಟ ಬಟ್ಟಲಲ್ಲಿ ತುಪ್ಪ ಕೊಡುತ್ತಾರೆ. ಚಿಕ್ಕಪ್ಪ ದೋಸೆಯ ನಡುವೆ ಬೆರಳಲ್ಲಿ ಒಂದು ತೂತು ಮಾಡಿ, ಅಷ್ಟನ್ನೂ ಅದರೊಳಗೆ ಸುರಿದರು. "ಚಿಕ್ಕಮ್ಮಂಗೆ ಹೇಳಬೇಡ." ಎರಡು ಊರಿನ ದೋಸೆಗಳಿಗೆ ಪೈಪೋಟಿ ಇಡೋದು ಬೇಡ ಬಿಡಿ, ಜಾತಿಯೇ ಬೇರೆ. ಆದರೆ ಚಟ್ನಿ ನಮ್ಮೂರದ್ದೇ ಚೆನ್ನ.

ಬೆಳ್ಳಿ ಲೋಟದ ಕಾಫಿಗೆ ಈ ಹೋಟೆಲ್ ಮೊದಲಿನಿಂದ ಹೆಸರುವಾಸಿ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳ ಬೆಲೆ ತೀರಾ ಇಳಿಸಿದಾಗ, ರುಚಿ ಕೆಡಿಸುವ ಬದಲು ಬಾಗಿಲು ಹಾಕಿದ್ದರಂತೆ. ಕೆಲಸದವರನ್ನು ಕೈಬಿಡಬಾರದು ಅಂತ ಹಿಟ್ಟು, ಪುಡಿ ಮಾರಲು ಶುರು ಮಾಡಿದ್ದು ಆಗಲೇ. ಸೋಮವಾರ ರಜೆ, ನೆನಪಿರಲಿ.

ಮತ್ತೆ ತೋಟದೊಳಗೆ ಬಂದೆವು. ಒಳಗೆ ತಿನ್ನೋಕೆ ಹೆಚ್ಚೇನೂ ಇಲ್ಲ, ಇರದಿದ್ದರೇ ಒಳ್ಳೆಯದು ಅನ್ನಿಸಿತು. ಹಾಪ್‌ಕಾಮ್ಸ್ ಮಳಿಗೆಯಲ್ಲಿ ದ್ರಾಕ್ಷಿ ಜ್ಯೂಸ್ ಕುಡಿದೆವು. ಈ ಹಾಪ್‌ಕಾಮ್ಸ್‌ಗೂ ದ್ರಾಕ್ಷಿಗೂ ಹಳೇ ನಂಟು. 1959ರಲ್ಲಿ ಅದು ಶುರುವಾದದ್ದೇ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಅದಕ್ಕೆ ಬೆನ್ನೆಲುಬಾಗಿ ನಿಂತವರು ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರೀಗೌಡರು. ಅವರ ಹೆಸರಿನ ಭವನವೂ ಇಲ್ಲೇ ಇದೆ.

ಗೇಟಿನ ಹೊರಗೆ ತಳ್ಳುಗಾಡಿಗಳು. ಒಬ್ಬ ಅಜ್ಜಿ ಸೀಬೆಹಣ್ಣನ್ನು ತೊಟ್ಟಿನವರೆಗೆ ನಾಲ್ಕು ಸೀಳಿ, ಪೂರ್ತಿ ಕತ್ತರಿಸದೆ ಹೂವಿನ ಹಾಗೆ ಬಿಡಿಸಿ, ನಡುವೆ ಉಪ್ಪು ಖಾರ ತೀಡಿ ಕೊಟ್ಟರು. ನೆಲ್ಲಿಕಾಯಿ, ಬೇಯಿಸಿದ ಕಡ್ಲೆಕಾಯಿ, ಚುರುಮುರಿ ಎಲ್ಲ ಇದ್ದವು. ಹೊಟ್ಟೆಯಲ್ಲಿ ಜಾಗ ಇರಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಸೀಮೆಬದನೆಕಾಯಿ ಹುಳಿ. "ಹೊರಗಡೆ ತಿಂದ್ಕೊಂಡು ಬಂದ್ರೆ ಮನೆ ಊಟ ಯಾರಿಗೆ ರುಚಿಸುತ್ತೆ" ಎಂದು ಚಿಕ್ಕಮ್ಮ ಬಡಿಸಿದರು. ಚಿಕ್ಕಪ್ಪ ಮಾತು ತಿರುಗಿಸಲು, "ಈ ಕಾಯಿ ಬೆಂಗಳೂರಿಗೆ ಬಂದಿದ್ದೂ ಲಾಲ್‌ಬಾಗಿಂದಾನೇ. ಕ್ಯಾಮರಾನ್ ಅಂತ ಒಬ್ಬ ಸಾಹೇಬ ತರಿಸಿದ್ದು" ಎಂದರು. ಅದು ನಿಜವೇ. ಜಾನ್ ಕ್ಯಾಮರಾನ್ 19ನೇ ಶತಮಾನದ ಕೊನೆಯಲ್ಲಿ ತೋಟದ ಮೇಲ್ವಿಚಾರಕರಾಗಿದ್ದವರು. ಆದರೆ ಚಿಕ್ಕಮ್ಮನಿಗೆ ಬೇಕಿದ್ದದ್ದು ತುಪ್ಪದ ಲೆಕ್ಕ.

ಸಂಜೆ ಚಿಕ್ಕಮ್ಮನೂ ಹೊರಟರು, ವಿ.ವಿ. ಪುರದ ತಿಂಡಿ ಬೀದಿಗೆ. ಸಜ್ಜನ್ ರಾವ್ ಸರ್ಕಲ್ ಹತ್ತಿರ ಇಳಿಯುವ ಹೊತ್ತಿಗೇ ಅವರೆಕಾಯಿ ಸೊಗಡು ಮೂಗಿಗೆ ಬಡಿಯಿತು. ಜನವರಿಯಲ್ಲಿ ಈ ಬೀದಿಗೆ ಬರುವುದಿದ್ದರೆ ಬೇರೆಲ್ಲ ಬಿಟ್ಟು ಅವರೆ ತಿನ್ನಿ. ಕಾವಲಿ ಮೇಲೆ ಹಿಟ್ಟು ಹರಡಿ, ಹಿದುಕಿದ ಬೇಳೆಯನ್ನು ಒಂದು ಹಿಡಿ ಉದುರಿಸಿ, ಸೌಟಿನ ಬೆನ್ನಲ್ಲಿ ಮೆಲ್ಲಗೆ ಒತ್ತುತ್ತಾರೆ. ತಿರುವಿ ಹಾಕಿದಾಗ ಬೇಳೆಯ ಅಂಚು ಕಂದು ಬಣ್ಣಕ್ಕೆ ಬರುತ್ತದೆ. ನಿಂತೇ ತಿನ್ನಬೇಕು, ಮೊಣಕೈ ಮೊಣಕೈಗೆ ತಾಗುತ್ತದೆ, ಪರವಾಗಿಲ್ಲ. ಕಾಯಿ ಹೋಳಿಗೆಗೆ ಚಿಕ್ಕಮ್ಮ ತಾವೇ ಕೇಳಿ ತುಪ್ಪ ಹಾಕಿಸಿಕೊಂಡರು. ಚಿಕ್ಕಪ್ಪ ನನ್ನ ಮುಖ ನೋಡಿದರು, ಬಾಯಿ ಬಿಡಲಿಲ್ಲ. ಐಸ್‌ಕ್ರೀಮ್ ಹಾಕಿದ ಗುಲ್ಕನ್ ನನಗೆ ಸಿಹಿ ಅತಿಯಾಯಿತು. ವಿ.ಬಿ. ಬೇಕರಿಯಿಂದ ಖಾರದ ಕಾಂಗ್ರೆಸ್ ಕಡ್ಲೆಬೀಜ ಕಟ್ಟಿಸಿಕೊಂಡೆವು, ಊರಿಗೆ ಅಂತ. ಮನೆ ತಲುಪುವಷ್ಟರಲ್ಲಿ ಅರ್ಧ ಖಾಲಿ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಮರುದಿನ ಹೋಗೋಣ ಎಂದೆ. "ನಾಳೆ ಶುಕ್ರವಾರ, ಅವರಿಗೆ ರಜೆ" ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಚಿಕ್ಕಪ್ಪ ಒಂದು ಗಳಿಗೆ ಯೋಚಿಸಿ, "ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇದೆಯಲ್ಲ. ಇಡ್ಲಿ, ವಡೆ, ಚಟ್ನಿ. ಸಾಂಬಾರ್ ಕೇಳಬೇಡ, ಅಲ್ಲಿ ಇಲ್ಲ" ಎಂದರು. "ಮತ್ತೆ ವಾಕಿಂಗು?" ಎಂದು ಚಿಕ್ಕಮ್ಮ ಕೇಳಿದರು. "ಅಲ್ಲಿಗೆ ನಡ್ಕೊಂಡೇ ಹೋಗೋದಲ್ವಾ" ಎಂದರು ಚಿಕ್ಕಪ್ಪ.