ಪಾಠ ಮಾಡಿದವರೇ ಬರೆದ ಪುಸ್ತಕ

ಬೆಂಗಳೂರಿನ ಅವೆನ್ಯೂ ರಸ್ತೆಯ ಪುಸ್ತಕದಂಗಡಿಯೊಂದರಲ್ಲಿ ಅಣ್ಣನ ಮಗಳಿಗೆಂದು ಹುಡುಕುವಾಗ, ಅನುಭವಿ ಶಿಕ್ಷಕರಿಂದಲೇ ಕಂಪ್ಯೂಟರ್ ಪಠ್ಯಪುಸ್ತಕ ಬರೆಸುವ ಪ್ರಕಾಶಕರೊಬ್ಬರ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪುಸ್ತಕ ಕೈಗೆ ಸಿಕ್ಕಿತು. ‘ರೇಂಜ್(1, 10)’ ಎಂದು ಬರೆದರೆ ಎಣಿಕೆ 9ಕ್ಕೇ ನಿಲ್ಲುತ್ತದೆ ಎಂಬುದನ್ನು ಯಾವ ಪುಸ್ತಕವಾದರೂ ಹೇಳೀತು. ಆದರೆ ಮಕ್ಕಳು 10 ಕೂಡ ಬರುತ್ತದೆಂದೇ ಭಾವಿಸುತ್ತಾರೆಂದು ಮೊದಲೇ ಅರಿತು, ಲೂಪಿನ, ಅಂದರೆ ಒಂದೇ ಸೂಚನೆ ಮತ್ತೆ ಮತ್ತೆ ನಡೆಯುವ ಭಾಗದ, ಪ್ರತಿ ಸುತ್ತಿನಲ್ಲೂ ಬದಲಾಗುವ ವೇರಿಯಬಲ್‌ನ ಬೆಲೆಯನ್ನು ಅವರೇ ಬರೆದುಕೊಳ್ಳಲು ಇಲ್ಲಿ ಖಾಲಿ ಕೋಷ್ಟಕ ಕೊಟ್ಟಿದ್ದಾರೆ. ತರಗತಿಯಲ್ಲಿ ನಿಂತು ಕಲಿಸಿದವರಿಗಷ್ಟೇ ಹೊಳೆಯುವ ವಿಷಯವಿದು. ಹಳೆಯ ಆವೃತ್ತಿಯಾದ ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿದ್ದರೂ ಈಗಿನ ಪೈಥಾನ್ 3ರಲ್ಲಿ ನಡೆಯದ, ಆವರಣ ಚಿಹ್ನೆಯಿಲ್ಲದ ಹಳೆಯ ‘ಪ್ರಿಂಟ್’ ಸಾಲನ್ನೇ ಮರುಮುದ್ರಿಸುವ ಪುಸ್ತಕಗಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಲ್ಯಾಬ್‌ನಲ್ಲಿ ಎರರ್ ಬಂದಾಗ ಮಗು ಪುಸ್ತಕವನ್ನಲ್ಲ, ತನ್ನನ್ನೇ ಅನುಮಾನಿಸುತ್ತದೆ. ಪ್ರತಿ ಮುದ್ರಣಕ್ಕೂ ಮುನ್ನ ಪ್ರೋಗ್ರಾಂಗಳನ್ನೆಲ್ಲ ಒಮ್ಮೆ ರನ್ ಮಾಡಿ ನೋಡಿ ಎಂದು ಪ್ರಕಾಶಕರನ್ನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.